ಕದಕ್ಕೆ ಬೆನ್ನು ಕೊಟ್ಟವನು

ಲೋಹಿತನ ಹೆಣ ಮತ್ತೆ ಎಡಕ್ಕೆ ವಾಲಿತು. ಶಾಹಬಾಜ ಭುಜ ಹಿಡಿದು ಗೋಡೆಗೆ ಆನಿಸಿ ಕೂರಿಸಿದ. ನೆರೆಮನೆಯ ಗುದ್ಲೆಪ್ಪ ಹಣೆಗೆ ಬಟ್ಟೆ ಸುತ್ತಿ ಮೊಳೆಗೆ ಬಿಗಿದ. ಪಡಸಾಲೆಯಲ್ಲಿ ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು.

"ತನ್ನ ಹಾಡಿನ್ಯಾಗ ಬರದಂಗ ಕುಂತಾನ ನೋಡ್ರಿ," ಎಂದ ಗುದ್ಲೆಪ್ಪ. "'ಕದಕ್ಕ ಬೆನ್ನು ಕೊಟ್ಟು ಕುಂತಾನ, ಕರದ್ರೂ ಓ ಅನ್ನಂಗಿಲ್ಲ' ಅಂತ ತನ್ನ ಸಾವು ತಾನ ಬರದಿಟ್ಟಿದ್ದ. ಒಳಾರ್ಥ ನೀವ ಬಿಡಿಸಿ ಹೇಳಿದ್ರಿ ನಮಗ."

"ಹೂಂ," ಎಂದ ಶಾಹಬಾಜ.

ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಸವಣೂರಿನ ಅವನ ರೇಡಿಯೋ ರಿಪೇರಿ ಅಂಗಡಿಗೆ ಯಾರು ಬಂದು ಕೇಳಿದರೂ ಅದೇ: ಕದ ಅಂದರೆ ಈ ಲೋಕ, ಕುಂತವನು ಸಮಾಧಿಯೊಳಗಿನ ಹೆಣ, ಕರೆಯುವವರು ಹಿಂದುಳಿದ ನಾವು.

*

ಆ ಅಂಗಡಿಯಲ್ಲೇ ಗೆಳೆಯರಿಬ್ಬರಿಗೂ ರಾಕ್ ಸಂಗೀತದ ಹುಚ್ಚು ಹಿಡಿದದ್ದು. ಇಂಗ್ಲಿಷ್ ಕ್ಯಾಸೆಟ್ಟುಗಳನ್ನು ತಿರುತಿರುಗಿ ಹಾಕಿ, ಡಿಕ್ಷನರಿ ಹರವಿಕೊಂಡು, ಒಂದೊಂದು ಸಾಲಿನ ಒಳಗುಟ್ಟಿಗೆ ವಾರಗಟ್ಟಲೆ ಜಗಳಾಡುತ್ತಿದ್ದರು. ಲೋಹಿತ ಟೆಂಪೋದಲ್ಲಿ ವೀಳ್ಯದೆಲೆ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವಾಗ ಹಾಡು ಕಟ್ಟುತ್ತಿದ್ದ. ಗಿಟಾರು ಶಾಹಬಾಜನದು.

ಒಂದು ದಿನ ಶಾಹಬಾಜ ಲೋಹಿತ ಬರೆದ ಹಾಡಿನ ಹಾಳೆ ಮಡಚಿ ಅವನ ಕಿಸೆಗೆ ತುರುಕಿದ. "ಬರೇ ಪ್ರಾಸ ಐತೋ. ಒಳಗ ಏನರ ಇದ್ರ ಅಲ್ಲ ಹುಡುಕೂದು?"

ಲೋಹಿತ ಮುನಿಸಿಕೊಂಡು ಎದ್ದುಹೋದ.

ಮೂರನೇ ದಿನ ಮಟಮಟ ಮಧ್ಯಾಹ್ನ ಶಾಹಬಾಜನ ಅಪ್ಪ ಎದೆ ಹಿಡಿದುಕೊಂಡು ಕುಸಿದ. ಹತ್ತಿಮತ್ತೂರಿನಲ್ಲಿ ಅವರ ಮನೆಯಿಂದ ಲೋಹಿತನ ಮನೆಗೆ ಎರಡೇ ಓಣಿ. ಶಾಹಬಾಜ ಓಡಿ ಬಂದು ಕದ ಬಡಿದ, "ಲೋಹಿತ, ಲೋಹಿತ" ಎಂದಷ್ಟೇ ಕೂಗಿದ. ಬೀದಿಯಲ್ಲಿ ಟೆಂಪೋ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿರಬೇಕು ಎಂದುಕೊಂಡು ಎತ್ತಿನ ಗಾಡಿ ಹೂಡಿಸಿದ. ಸವಣೂರಿನ ಆಸ್ಪತ್ರೆಗೆ ಇನ್ನೂ ಅರ್ಧ ದಾರಿ ಇರುವಾಗಲೇ ಅಪ್ಪನ ಉಸಿರು ನಿಂತಿತು.

ತಿಂಗಳಾದ ಮೇಲೆ ಲೋಹಿತ ಹೊಸ ಹಾಳೆ ಕೊಟ್ಟ, ಕದಕ್ಕೆ ಬೆನ್ನು ಕೊಟ್ಟವನ ಹಾಡು. ಓದಿದ ಶಾಹಬಾಜ ಅವನನ್ನು ತಬ್ಬಿಕೊಂಡ. "ಈಗ ಒಳಗ ಐತಿ ನೋಡಪಾ."

*

ಲೋಹಿತನ ಅವ್ವ ವೀರವ್ವ ಶಾಹಬಾಜನನ್ನು ಅಡುಗೆಮನೆಗೆ ಕರೆಸಿಕೊಂಡಳು.

"ಗುದ್ಲೆಪ್ಪ ಹೇಳೂದು ಕೇಳಿದ್ನಿ. ಆ ಹಾಡಿನ ಅರ್ಥ ಅದಲ್ಲೋ ತಮ್ಮಾ," ಎಂದಳು. "ನಿಮ್ಮಪ್ಪ ಹೋದ ದಿನ ಇವ ಮನ್ಯಾಗ ಇದ್ದ. ಟೆಂಪೋ ಹಿತ್ತಲದಾಗ ಇತ್ತು. ನೀ ಬಡದಾಗ ನಾ ತೆಗೀಯಾಕ ಎದ್ನಿ. 'ಮಾಫಿ ಕೇಳಾಕ ಬಂದಾನ, ಬಡೀಲಿ ಬಿಡವ್ವ' ಅಂತ ಕದಕ್ಕ ಬೆನ್ನು ಕೊಟ್ಟು ಕುಂತ."

ಶಾಹಬಾಜ ಒಲೆಯ ಬೂದಿ ಕೆದಕಿದ. "ಟೆಂಪೋ ಸಿಕ್ಕಿದ್ರ..." ಎಂದ.

"ಅದನ್ನ ಅವನೂ ದಿನಾ ಕೇಳಿಕೊಂಡಾನ."

"ನನಗ ಯಾಕ ಹೇಳಲಿಲ್ಲ?"

"ಹಾಡಿನ್ಯಾಗ ಹೇಳೇನವ್ವ, ಅವಗ ತಿಳೀವಲ್ದು ಅಂತಿದ್ದ. ನೀ ಮಂದಿ ಮುಂದ ಅದಕ್ಕ ಬ್ಯಾರೆ ಅರ್ಥ ಹೇಳಿದ ದಿನ ಉಣ್ಣತಿರಲಿಲ್ಲ."

ಆ ಸಾಲು ಬಂದಾಗೆಲ್ಲ ಲೋಹಿತ ಮುಖ ತಿರುಗಿಸಿ ಹಾಡುತ್ತಿದ್ದುದು ಶಾಹಬಾಜನಿಗೆ ನೆನಪಾಯಿತು. ಹಾಡಿನಲ್ಲಿ ಕರೆಯುತ್ತಿದ್ದವನು ತಾನು. ಇಪ್ಪತ್ತು ವರ್ಷ ತನ್ನದೇ ಕೂಗಿಗೆ ತಾನೇ ಗಿಟಾರು ನುಡಿಸಿದ್ದ.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಹೆಣವನ್ನು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದಾಗ ತಲೆ ಮುಂದಕ್ಕೆ ಜೋತುಬಿತ್ತು.

"ಮಣ್ಣು ಎದಿಮಟ ಬರೂತನಕ ಯಾರರ ಹಿಡೀಬೇಕು," ಎಂದರು ಸ್ವಾಮಿಗಳು.

ಶಾಹಬಾಜ ಚಪ್ಪಲಿ ಬಿಟ್ಟು ಕುಣಿಗೆ ಇಳಿದ. ಹಿಂದೆ ಯಾರೋ ಗೊಣಗಿದರು. "ಇಳೀಲಿ," ಎಂದಳು ವೀರವ್ವ.

ಅವನು ಎರಡೂ ಅಂಗೈಯಲ್ಲಿ ಲೋಹಿತನ ಮುಖ ಎತ್ತಿ ಹಿಡಿದ. ವಿಭೂತಿ ಬೆರಳಿಗೆ ಮೆತ್ತಿತು. ಮೇಲಿನಿಂದ ಮಣ್ಣು ಬೀಳತೊಡಗಿತು. ಲೋಹಿತನ ಮಡಿಲು ತುಂಬಿತು, ಶಾಹಬಾಜನ ಮೊಣಕಾಲು ಮುಚ್ಚಿತು, ಲೋಹಿತನ ಎದೆಗೂ ಬಂತು.

"ಸಾಕ್ರಿ, ಇನ್ನ ಬಿಡ್ರಿ," ಎಂದು ಗುದ್ಲೆಪ್ಪ ಬಗ್ಗಿ ಕೈ ಚಾಚಿದ.

ಚಾಚಿದ ಕೈ ಹಾಗೇ ಇತ್ತು. ಮಣ್ಣು ಶಾಹಬಾಜನ ತೊಡೆ ದಾಟಿ ಏರುತ್ತಿತ್ತು. ಅವನ ಎರಡೂ ಕೈ ಖಾಲಿ ಇರಲಿಲ್ಲ.