ಅವ್ವನ ಬುಟ್ಟಿ

ನಮ್ಮೂರಿನಲ್ಲಿ ಯಾರೇ ಸತ್ತರೂ ಅವರ ಹೆಸರಿನಲ್ಲಿ ಕೆರೆಯ ಏರಿಗೆ ಹೂಳು ಬೀಳುತ್ತದೆ. ಮಣ್ಣು ಮಾಡುವುದೋ ಸುಡುವುದೋ, ಅದು ಮುಗಿದ ಮೇಲೆ ಮನೆಗೊಬ್ಬರು ಕೆರೆಗಿಳಿದು, ಬುಟ್ಟಿ ತುಂಬಿಕೊಂಡು, ಏರಿ ಹತ್ತಿ ಸುರಿಯುತ್ತಾರೆ. ಮೊದಲ ಬುಟ್ಟಿ ಸತ್ತವರ ಮನೆಯವರದು. ಮಳೆಗಾಲದಲ್ಲಿ ಹೋದವರ ಬುಟ್ಟಿ ಬೇಸಿಗೆಯವರೆಗೆ ಕಾಯುತ್ತದೆ. ಅಗ್ರಹಾರದ ರುಕ್ಮಿಣೀಬಾಯಿಯವರ ಹೆಸರಿನ ಮಣ್ಣು ಆ ಏರಿಯಲ್ಲಿದೆ, ಫಕ್ರುಸಾಬ ಕಾಕಾನ ತಾಯಿಯ ಹೆಸರಿನದೂ ಇದೆ. ಹೀಗೆ ಕೆರೆ ಆಳವಾಗುತ್ತ, ಏರಿ ಗಟ್ಟಿಯಾಗುತ್ತ ಬಂದಿದೆ.

ನಾನು ಕಲಿಸುವ ಕೆರೂರಿನ ಶಾಲೆಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಎಷ್ಟು ಚಂದದ ಪದ್ಧತಿ ಎನ್ನುತ್ತಾರೆ. ದೂರದಿಂದ ನೋಡುವವರಿಗೆ ಎಲ್ಲವೂ ಚಂದ. ಅದರ ಬಿಸಿ ನಮ್ಮ ಮನೆಗೇ ತಾಗಿದಾಗ ನನಗಂತೂ ಚಂದ ಕಾಣಲಿಲ್ಲ.

ಕೆರೆಯೊಳಗೆ ಒಂದು ಕಲ್ಲಿನ ಬಸವಣ್ಣನಿದ್ದಾನೆ. ನೀರು ಇಳಿದು ಅವನ ಪಾದ ಕಂಡ ದಿನ ಹೊಲದ ಮೋಟರುಗಳೆಲ್ಲ ಬಂದ್. ಉಳಿದ ನೀರು ಕುಡಿಯುವವರಿಗೆ, ದನಗಳಿಗೆ, ಮೀನಿಗೆ, ಹಕ್ಕಿಗೆ. ಇದು ಊರ ಕಟ್ಟು. ಮುರಿದವರಿಗೆ ದಂಡವಿಲ್ಲ, ಬಹಿಷ್ಕಾರವಿಲ್ಲ. ಮದುವೆಗೆ ಕರೆಯುತ್ತಾರೆ, ಚಹಾ ಕೊಡುತ್ತಾರೆ. ಆದರೆ ಆ ಮನೆಯಲ್ಲಿ ಸತ್ತವರಿಗೆ ಬುಟ್ಟಿ ಇಲ್ಲ. ಬೇಕೆಂದರೆ ಮುರಿದವನೇ ಕೆರೆಯಿಂದ ತನ್ನ ಪೈಪು ಕಿತ್ತು, ಹೊತ್ತು ತಂದು, ಊರೆದುರು ಏರಿಯ ಮೇಲೆ ಇಡಬೇಕು.

ಮುರಿದವನು ನಮ್ಮಪ್ಪ, ಅಂದಾನಪ್ಪ. ಎರಡು ವರ್ಷದ ಹಿಂದಿನ ಬೇಸಿಗೆ. ಹೊಲದ ಉಳ್ಳಾಗಡ್ಡಿಗೆ, ಅಂದರೆ ಈರುಳ್ಳಿಗೆ, ಇನ್ನೊಂದು ನೀರು ಸಿಕ್ಕರೆ ಗಡ್ಡೆ ತುಂಬಿಕೊಳ್ಳುತ್ತಿತ್ತು. ಬಸವಣ್ಣನ ಪಾದ ಆಗಲೇ ಒಣಗಿ ಬೆಳ್ಳಗಾಗಿತ್ತು. ಊರು ಮಲಗಿದ ಮಧ್ಯಾಹ್ನ ನೋಡಿ ಅಪ್ಪ ಮೋಟರು ಹಚ್ಚಿದ. ಅವನಿಗೆ ಊಟ ತರುತ್ತಿದ್ದ ಅವ್ವ, ಗುರುಲಿಂಗವ್ವ, ದಾರಿಯಲ್ಲೇ ಮೋಟರಿನ ಸದ್ದು ಕೇಳಿದಳು, ಕೆರೆಯ ಕಡೆ ನೋಡಿದಳು, ರೊಟ್ಟಿಯ ಗಂಟನ್ನು ಬದುವಿನ ಮೇಲಿಟ್ಟು ನೆಟ್ಟಗೆ ಹನಮಪ್ಪಜ್ಜನ ಮನೆಗೆ ಹೋದಳು. ಹನಮಪ್ಪಜ್ಜ ನೀರಗಂಟಿ, ಕೆರೆಯ ನೀರು ಕಾಯುವುದು ಅವನ ಕೆಲಸ. ಗಂಡನ ಕಳವನ್ನು ಹೆಂಡತಿಯೇ ಹೇಳಿದಳು.

ಅಪ್ಪ ಅವತ್ತೇ ಮೋಟರು ನಿಲ್ಲಿಸಿದ. ಆಮೇಲೆ ಅದನ್ನು ಮಾರಿಯೂ ಬಿಟ್ಟ. ಪೈಪನ್ನು ಮಾತ್ರ ಕೀಳಲಿಲ್ಲ. ಊರ ಮುಂದೆ ಹೊತ್ತು ತರಲು ತಾನೇನು ಕಳ್ಳನೇ ಎಂದು ಹಟ ಹಿಡಿದ. ಕೆಲಸಕ್ಕೆ ಬಾರದ ಪೈಪು ಹಾವಸೆ ಹತ್ತಿ ನೀರಿನಲ್ಲೇ ಬಿದ್ದಿತ್ತು. ಅವ್ವನ ಕೈಯ ರೊಟ್ಟಿ ತಿಂದ, ಅವಳು ಕೊಟ್ಟ ಚಹಾ ಕುಡಿದ, ಆದರೆ ಅವಳ ಜೊತೆ ಮಾತು ಬಿಟ್ಟ. ನಾನು ಊರಿಗೆ ಹೋದಾಗಲೆಲ್ಲ ಗೋಡೆಗೆ ಹೇಳಿದಂತೆ, ನೀರು ಬೇಕಾಗಿತ್ತು, ಊಟಕ್ಕೆ ಹೊತ್ತಾಯಿತು ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಪೈಪಿನ ಸಲುವಾಗಿ ಇಷ್ಟು ಬಿಗುಮಾನವೇ?

ಈ ವರ್ಷ ಬೇಸಿಗೆ ಏರುವಾಗ ಅವ್ವನ ಹೃದಯ ಸೋತಿತು. ಬಾಗಲಕೋಟೆಯ ದವಾಖಾನೆಯಲ್ಲಿ ಅವಳ ಪಕ್ಕ ನಾನಿದ್ದೆ. ಅಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಒಳಗೆ ಬಂದರೆ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. ನೀನು ಚಿಂತೆ ಮಾಡಬೇಡ, ನಿನ್ನ ಬುಟ್ಟಿ ಬಿದ್ದೇ ಬೀಳುತ್ತದೆ, ಊರವರಿಗೆ ನಿನ್ನ ಮೇಲೆ ಜೀವ ಎಂದು ನಾನು ತಿಳಿಯದೆ ಹೇಳಿಬಿಟ್ಟೆ. ಅವ್ವ ನನ್ನ ಕೈ ಹಿಡಿದುಕೊಂಡಳು.

"ಅದಽ ನನಗ ಅಂಜಿಕಿ, ನೇತ್ರಾ. ಗುರುಲಿಂಗವ್ವ ಛಲೋ ಹೆಣ್ಮಗಳು ಅಂತ ಕಟ್ಟು ಸಡ್ಲ ಮಾಡಿದರ, ನಾಳೆ ಇನ್ನೊಬ್ಬರಿಗೆ ಏನ ಹೇಳ್ತಾರ? ಅವರು ಬುಟ್ಟಿ ಹೊತ್ತು ಬಂದರ ನೀ ಬ್ಯಾಡ ಅನಬೇಕು. ಅಂತೇನಿ ಅನ್ನು."

ಅಂತೇನಿ ಅಂದೆ. ಸಾಯುವವಳಿಗೆ ಬೇರೆ ಏನು ಹೇಳಲಿ? ಎರಡು ದಿನಕ್ಕೆ ಅವ್ವ ಹೋದಳು.

ಅವಳನ್ನು ಮನೆಗೆ ತಂದು, ವಿಭೂತಿ ಹಚ್ಚಿ, ಇಳಕಲ್ ಸೀರೆ ಉಡಿಸಿ ಕೂರಿಸಿದೆವು. ಭಜನೆ ನಡೆದಿತ್ತು. ಬರುವವರೆಲ್ಲ ಅವ್ವನ ಕಾಲು ಮುಟ್ಟಿ ಹೊರಗೆ ಹೋಗುತ್ತಿದ್ದರು. ನಾನು ನೀರು ತರಲೆಂದು ಎದ್ದಾಗ ಅಂಗಳದ ಗೋಡೆಯ ಬದಿಗೆ ಕಣ್ಣು ಹೋಯಿತು. ಅಲ್ಲಿ ಬುಟ್ಟಿಗಳಿದ್ದವು. ಒಂದರ ಮೇಲೊಂದು, ಊರಿನ ಎಲ್ಲ ಮನೆಯವು. ನನಗೆ ದುಃಖ ಉಕ್ಕಿ ಬಂತು, ಅದರ ಹಿಂದೆಯೇ ದವಾಖಾನೆಯಲ್ಲಿ ಕೊಟ್ಟ ಮಾತು ನೆನಪಾಯಿತು. ಅವ್ವ ಅಂಜಿದ್ದೇ ಆಗಿತ್ತು.

ಹೊಲದಲ್ಲಿ ಅವ್ವನನ್ನು ಮಣ್ಣು ಮಾಡಿ ಎಲ್ಲರೂ ಏರಿಗೆ ಬಂದೆವು. ಹನಮಪ್ಪಜ್ಜ ಮುಂದೆ ನಿಂತು, ಊರವರೆಲ್ಲ ಕೂಡಿ ಮಾತಾಡಿದ್ದಾರೆ, ಇದೊಂದು ಸಲ ಕಟ್ಟು ಬದಿಗಿಡೋಣ, ಕಟ್ಟು ಉಳಿಸಿದವಳಿಗೇ ಬುಟ್ಟಿ ಇಲ್ಲ ಅಂದರೆ ನಮಗೆ ಅನ್ನ ಇಳಿಯುವುದಿಲ್ಲ ಎಂದ. ಫಕ್ರುಸಾಬ ಕಾಕಾ ನನ್ನ ಕೈಗೆ ಒಂದು ಬುಟ್ಟಿ ಕೊಟ್ಟ. ಅವ್ವನದೇ ಬುಟ್ಟಿ. ಅವಳು ಬೇಸಿಗೆಯಲ್ಲಿ ಹೊಲಕ್ಕೆ ಹೂಳು ಹೊರುತ್ತಿದ್ದದ್ದು, ಅಂಚಿಗೆ ಹಳೆಯ ಖಣದ ಬಟ್ಟೆಯ ತುಂಡು ಸುತ್ತಿದ್ದು.

ನಾನು ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಅವ್ವ ನನಗೆ ಹೇಳಿದ್ದು ಯಾರಿಗೂ ಗೊತ್ತಿರಲಿಲ್ಲ. ಕೆರೆಗಿಳಿದು, ತುಂಬಿಕೊಂಡು ಬಂದು ಸುರಿದರೆ ನನ್ನ ಅವ್ವನೂ ಎಲ್ಲರ ಹಾಗೆ ಏರಿಯಲ್ಲಿ ಇರುತ್ತಿದ್ದಳು. ನನಗೆ ಅದು ಬೇಕಾಗಿತ್ತು. ಸುಳ್ಳೇಕೆ ಹೇಳಲಿ, ಭಾಳ ಬೇಕಾಗಿತ್ತು. ಬುಟ್ಟಿ ಹಿಡಿದು ಎರಡು ಹೆಜ್ಜೆ ಇಳಿದೂ ಬಿಟ್ಟೆ. ಎದುರಿಗೆ ಬಸವಣ್ಣನ ಪಾದ ಕಾಣುತ್ತಿತ್ತು. ಅದರ ಸುತ್ತ ಒಂದಿಷ್ಟು ನೀರು, ನೀರಿನಂಚಿಗೆ ಎಮ್ಮೆಗಳು. ಅವ್ವ ಉಳಿಸಿದ್ದು ಇಷ್ಟನ್ನೇ. ನಾನು ತಿರುಗಿ ಏರಿ ಹತ್ತಿ ಬಂದೆ.

"ಬ್ಯಾಡ್ರಿ," ಎಂದೆ. "ಅವ್ವನಽ ಬ್ಯಾಡ ಅಂದಾಳ. ತನ್ನ ಸಲುವಾಗಿ ಕಟ್ಟು ಸಡ್ಲ ಆಗಬಾರದು ಅಂತ ನನ್ನ ಕಡೆ ಮಾತು ತಗೊಂಡಾಳ."

ಹನಮಪ್ಪಜ್ಜ ರುಮಾಲು ತೆಗೆದು ಕಣ್ಣೊರೆಸಿಕೊಂಡ. ಜನ ಬುಟ್ಟಿಗಳನ್ನು ಕೆಳಗಿಟ್ಟು ಹಾಗೇ ನಿಂತರು, ಮನೆಗೆ ಹೋಗಲೂ ಯಾರಿಗೂ ಕಾಲು ಏಳಲಿಲ್ಲ. ನಾನು ಅಪ್ಪನ ಮುಖ ನೋಡಲಿಲ್ಲ. ಅಷ್ಟು ಸಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಕೆಳಗೆ ನೀರು ಕಲಕಿದ ಸದ್ದಾಯಿತು. ಅಪ್ಪ ಧೋತರ ಮೇಲೆ ಕಟ್ಟಿ ಕೆರೆಗಿಳಿದಿದ್ದ. ರಾಡಿಯಲ್ಲಿ ಮೊಣಕಾಲವರೆಗೆ ಹೂತುಕೊಂಡು, ಬಾಗಿ, ಎರಡೂ ಕೈಯಿಂದ ಪೈಪು ಜಗ್ಗುತ್ತಿದ್ದ. ಎರಡು ವರ್ಷ ಹೂಳಿನಲ್ಲಿ ಸಿಕ್ಕ ಪೈಪು ಸುಲಭಕ್ಕೆ ಏಳಲಿಲ್ಲ. ಒಂದು ಸಲ ಜಾರಿ ಬಿದ್ದ. ನಾನು ತಡೆಯಲಾರದೆ ಇಳಿಯಹೋದೆ, ಫಕ್ರುಸಾಬ ಕಾಕಾ ನನ್ನ ಭುಜ ಹಿಡಿದು ನಿಲ್ಲಿಸಿದ. ಅದು ಅಪ್ಪನೊಬ್ಬನೇ ಮಾಡಬೇಕಾದ ಕೆಲಸ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಬರೀ ಅಳು ಬಂತು.

ಕೊನೆಗೆ ಪೈಪು ಕಿತ್ತು ಬಂತು. ಅಪ್ಪ ಅದನ್ನು ಹೆಗಲಿಗೆ ಹಾಕಿ, ಏದುಸಿರು ಬಿಡುತ್ತ ಏರಿ ಹತ್ತಿ, ಹನಮಪ್ಪಜ್ಜನ ಕಾಲ ಬಳಿ ಇಟ್ಟ. ಹನಮಪ್ಪಜ್ಜ ಪೈಪನ್ನು ಕಾಲಿನಿಂದ ಬದಿಗೆ ಸರಿಸಿ ದಾರಿ ಬಿಟ್ಟ. ಅಪ್ಪ ನನ್ನ ಕೈಯಿಂದ ಅವ್ವನ ಬುಟ್ಟಿ ತೆಗೆದುಕೊಂಡು ಮತ್ತೆ ಕೆರೆಗಿಳಿದ.

ಆ ಹೂಳನ್ನು ತಂದು ಏರಿಯ ಮೇಲೆ ಸುರಿದವನು ಕೂಡಲೇ ಏಳಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ಮಣ್ಣನ್ನು ತಟ್ಟಿ ತಟ್ಟಿ ಸಮ ಮಾಡಿದ. ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವತ್ತು ಊರೆಲ್ಲ ಕೇಳಿತು.

"ಗುರುಲಿಂಗವ್ವ," ಅಂದ. "ಅವತ್ತ ನೀ ಹೋಗಿ ಹೇಳಿದ್ದು ಛಲೋ ಆತು."

ಬೇರೆಯವರು ಬುಟ್ಟಿ ಎತ್ತಿಕೊಂಡು ಕೆರೆಗೆ ಇಳಿದರು. ಅಪ್ಪನ ಕೈ ಇನ್ನೂ ಆ ಮಣ್ಣಿನ ಮೇಲೇ ಇತ್ತು.