ಮೊಣಕಾಲಿನ ಹಿಂದೆ ಕಪ್ಪು ಗೆರೆ

ಬಿಸಿ ಎಳ್ಳೆಣ್ಣೆಯ ವಾಸನೆ, ಬಟ್ಟಲು ಕೆಳಗಿಟ್ಟ ಸಪ್ಪಳ — ಬಂದಳು ನಮ್ಮಕ್ಕ ಪಾರವ್ವ, ಅಂಕಲಗಿಯಿಂದ ಬಸ್ಸಿನಲ್ಲಿ ಈ ಎಣ್ಣೆ ಹೊತ್ತುಕೊಂಡು, ಮಲಕೋ ತಮ್ಮಾ, ಕಾಲು ನೆಲಕ್ಕ ಇಡಬ್ಯಾಡ, ಇಡಬಾರದಂತೆ, ಡಾಕ್ಟರು ಹೇಳಿದ್ದೇ ಇಡು ಅಂತ, ಅಡ್ಡಾಡ್ರಿ ಕಾಕಾ, ನೀರು ಕುಡೀರಿ, ಆದರೆ ಮನೆಗೆ ಬಂದಾಗಿನಿಂದ ನಾನು ಏಳುವುದು, ಯಾರೋ ಮಾತಾಡಿಸಲು ಬಂದು ಮಲಗಿಸುವುದು, ಬಾಳೆಹಣ್ಣು ತಂದವರೆದುರು ರೋಗಿ ನಡೆದಾಡಿದರೆ ಅವರಿಗೆ ಅಪಮಾನ, ಹೆಂಡತಿ ದಾಕ್ಷಾಯಿಣಿಯೂ ಅವರ ಪಾರ್ಟಿ, ಬಂದಾರ ಹೋಗೂತನಕರ ಮಲಕೊಳ್ರಿ, ಗಟ್ಟಿಮುಟ್ಟ ಇದ್ದಾವನ್ನ ನೋಡಾಕ ಬಂದೀವೇನು ಅಂದಾರು — ಥೂ, ಅನ್ನಲಿ, ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತು ನಿಂತು ಕಾಲಿನ ನರ ಹಗ್ಗದಂತೆ ಉಬ್ಬಿದ್ದು ನನ್ನವು, ಅವರವಲ್ಲ, ಸ್ಕ್ಯಾನಿನಲ್ಲಿ ಒಳಗಿನ ನರ ಸರಿಯಾಗಿ ಕಾಣಲಿಲ್ಲವೆಂದು ಗೋಕಾಕದ ದವಾಖಾನೆಯಲ್ಲಿ ಪಾದಕ್ಕೆ ಸೂಜಿ ಚುಚ್ಚಿ ಬಣ್ಣದ ಔಷಧ ಬಿಟ್ಟರು, ಪರದೆಯ ಮೇಲೆ ಕಪ್ಪು ಗೆರೆ ಏರಿತು, ಕಾಲುವೆಗೆ ನೀರು ಬಿಟ್ಟ ಹಾಗೆ, ಹಿಮ್ಮಡಿ, ಮೀನಖಂಡ, ಮೊಣಕಾಲು, ತೊಡೆ, ಎಲ್ಲೂ ನಿಲ್ಲದೆ, ನೋಡ್ರಿ ಕಾಕಾ, ಎಲ್ಲೂ ಹೆಪ್ಪಿಲ್ಲ, ಆದ್ರ ಈ ಔಷಧದಿಂದನ ಅಪರೂಪಕ್ಕ ರಕ್ತ ಹೆಪ್ಪುಗಟ್ಟತೈತಿ, ಕಾಲು ಬಾತು ಬಿಸಿಯಾದ್ರ ತಿಕ್ಕಬ್ಯಾಡ್ರಿ, ಹೆಪ್ಪು ಕಿತ್ತು ಎದಿಗೆ ಏರಿದ್ರ ಜೀವಕ್ಕ ಕುತ್ತು, ಸೀದಾ ಇಲ್ಲಿಗೆ ಬರ್ರಿ — ಅಲ್ರಿ ಡಾಕ್ಟ್ರ, ಕಾಲುವಿ ಕಟ್ಟೈತೇನ ನೋಡಾಕ ನೀವ ಒಂದು ಕಲ್ಲು ಒಗದಂಗಾತಲ್ರಿ, ಅಂದೆ, ಆತ ನಕ್ಕ, ಅಪರೂಪಕ್ಕ ಕಾಕಾ, ಅಪರೂಪಕ್ಕ — ಎಣ್ಣೆಯ ಹೆಬ್ಬೆರಳು ಹಿಮ್ಮಡಿಯಿಂದ ಮೇಲಕ್ಕೆ ಒತ್ತುತ್ತಿದೆ, ಗೆರೆ ಏರಿದ ದಾರಿಯಲ್ಲೇ, ಬಿಡಕ್ಕಾ ಅಂದರೆ ಕೇಳುವ ಕಿವಿಯೇ ಇಲ್ಲ ಇವಳಿಗೆ, ನೀ ಹುಟ್ಟಿದಾಗ ಮೈ ತಿಕ್ಕಿದಾಕಿ ನಾನ, ನನಗ ಕಲಸ್ತೀ, ಯಾಕ ತಮ್ಮಾ, ಈ ಮೀನಖಂಡ ಇಷ್ಟ ಸುಡತೈತಿ, ಆ ಕಾಲು ತಣ್ಣಗ ಐತಲ್ಲ — ಸುಡುತ್ತದೆಯೇ, ಬೆಳಿಗ್ಗೆ ಪೈಜಾಮದ ಇದೇ ಕಾಲು ಬಿಗಿದಿತ್ತು, ಬಟ್ಟೆ ಹೊಲಿದವನನ್ನು ಬಾಯಿಗೆ ಬಂದಂತೆ ಬೈದೆ, ಬಟ್ಟೆಯದಲ್ಲ ತಪ್ಪು, ಬಟ್ಟೆಯದಲ್ಲ — ತಗಿಯಕ್ಕಾ ಕೈ, ತಿಕ್ಕಬ್ಯಾಡ, ದಾಕ್ಷಾಯಿಣೀ, ಗೋಕಾಕಕ್ಕ ಗಾಡಿ ಹೇಳು, ಮೆಲ್ಲಗ ಮಾತಾಡ್ರಿ, ನಾಗನೂರಿನವರು ಹೊರಗ ಕುಂತಾರ, ಕುಂತಿರಲಿ, ತಂದ ಬಾಳೆಹಣ್ಣು ಅವರೇ ತಿಂದು ಹೋಗಲಿ, ಗಾಡಿ, ಗಾಡಿ ಹೇಳು ಮೊದಲು — ಹೆಬ್ಬೆರಳು ಇನ್ನೂ ಬಿಟ್ಟಿಲ್ಲ, ಕಣ್ಣ ಮುಂದೆ ಮತ್ತೆ ಅದೇ ಪರದೆ, ಕಪ್ಪು ಗೆರೆ ಹಿಮ್ಮಡಿ ದಾಟಿತು, ಮೀನಖಂಡ, ಮೊಣಕಾಲಿನ ಹಿಂದೆ, ಕಪ್ಪು ಗೆರೆ, ಮೊಣಕಾಲಿನ ಹಿಂದೆ, ನಿಂತಿದೆ.