ದೊಡ್ಡಪ್ಪನ ಕೈಗುಣ

ಅಂಗಡಿಗೆ ಕಾಲಿಡುವ ಮೊದಲೇ ಶಿರೀಷಾಳಿಗೆ ಮೈ ಉರಿಯುತ್ತಿತ್ತು. ಲ್ಯಾಪ್‌ಟಾಪ್ ಬೇಕಾಗಿರುವುದು ಅವಳಿಗೆ, ಅದರಲ್ಲಿ ಆಡುವವಳು ಅವಳು, ಆದರೆ ಆರಿಸುವವರು ದೊಡ್ಡಪ್ಪ ರಾಮಾಂಜಿನಪ್ಪ. ಜಂಗಮಕೋಟೆಯ ಆ ಮನೆಯಲ್ಲಿ ಹಸುವಾಗಲಿ, ಪಂಪ್‌ಸೆಟ್ಟಾಗಲಿ, ರೇಷ್ಮೆ ಮೊಟ್ಟೆಯಾಗಲಿ, ಏನೇ ಕೊಂಡರೂ ದೊಡ್ಡಪ್ಪನೇ ಮುಟ್ಟಿ ಆರಿಸಬೇಕು. ಅವರದು ಒಳ್ಳೆಯ ಕೈಗುಣವಂತೆ. ಶಿರೀಷಾಳ ಅಪ್ಪ ತೀರಿಕೊಂಡ ಮೇಲಂತೂ ಆ ಕೈ ತೋರಿಸಿದ್ದೇ ಮನೆಗೆ ಬರುತ್ತಿತ್ತು.

ಇದು 2008ರ ಮಾತು. ಚಿಕ್ಕಬಳ್ಳಾಪುರದ ಅವಳ ಇಂಜಿನಿಯರಿಂಗ್ ಕಾಲೇಜಿನಲ್ಲಿ ತಿಂಗಳ ಕೊನೆಗೆ ಗೇಮಿಂಗ್ ಸ್ಪರ್ಧೆಯಿತ್ತು. ನಾಲ್ವರು ಹುಡುಗಿಯರ ತಂಡ ಅದಕ್ಕೆ ಹೆಸರು ಕೊಟ್ಟಿದ್ದು ಅದೇ ಮೊದಲು. ‘ನಿಮಗ್ಯಾಕ್ರೇ ಇದೆಲ್ಲ’ ಎಂದು ಹುಡುಗರು ಹಲ್ಲು ಕಿರಿದದ್ದೂ ಆಗಿತ್ತು. ಆಡುವವರು ಅವರವರ ಲ್ಯಾಪ್‌ಟಾಪ್ ತರಬೇಕು. ಉಳಿದ ಮೂವರ ಹತ್ತಿರ ಇತ್ತು. ಶಿರೀಷಾ ಬರಿಗೈಯಲ್ಲಿ ಹೋದರೆ ನಾಲ್ವರೂ ಹೊರಗೆ.

ಅಂಗಡಿಯವನು ಮೇಜಿನ ಮೇಲೆ ಎರಡನ್ನು ತೋರಿಸಿದ. ಹೊರಗಿನಿಂದ ಎರಡೂ ಒಂದೇ, ಒಳಗಿನ ಪ್ರೊಸೆಸರ್ ಮಾತ್ರ ಬೇರೆ. ಒಂದರಲ್ಲಿದ್ದದ್ದು ಎರಡು ಕೋರ್‌ಗಳ, ಆಟಕ್ಕೆ ಬೇಕಾದ ವೇಗವಿದ್ದ ಕೋರ್ ಟು ಡ್ಯುಯೊ. ಗಿರಾಕಿಗಳು ನೋಡಲೆಂದು ಅದರಲ್ಲಿ ಕಾರ್ ರೇಸ್ ಆಟ ಓಡುತ್ತಿತ್ತು. ಇನ್ನೊಂದು ಒಂಟಿ ಕೋರ್‌ನ ಹಳೆಯ ಸರಕು. ಅದು ಏನೂ ಮಾಡದೆ ಬಾಯಿ ತೆರೆದುಕೊಂಡು ಕೂತಿತ್ತು.

“ಈ ಎರಡು ಕೋರ್‌ದೇ ಬೇಕು ದೊಡ್ಡಪ್ಪ,” ಎಂದಳು ಶಿರೀಷಾ.

ದೊಡ್ಡಪ್ಪ ಅವಳ ಮಾತು ಕೇಳಿಸಿಕೊಂಡರೆ ತಾನೆ! ಹುಳುಮನೆಯಲ್ಲಿ ತಟ್ಟೆಗಳ ನಡುವೆ ಕೈಯಾಡಿಸಿ ಕಾವು ನೋಡುವ ಹಾಗೆ, ಎರಡರ ಅಡಿಗೂ ಅಂಗೈಯಿಟ್ಟರು. ಕಾವು ಏರಿದರೆ ರೇಷ್ಮೆಹುಳು ಉಳಿಯುವುದಿಲ್ಲ. ಅವರಿಗೆ ಗೊತ್ತಿದ್ದ ಲೆಕ್ಕ ಅದೊಂದೇ.

“ಅಯ್ಯೋ, ಇದು ಸುಡ್ತದೆ ಕಣಮ್ಮ! ಇವಾಗ್ಲೇ ಹಿಂಗಾದ್ರೆ ಬೇಸಿಗೇಲಿ ಬದುಕ್ತದಾ? ಅದು ನೋಡು, ಎಷ್ಟು ತಣ್ಣಗದೆ.”

“ಅದು ಕೆಲ್ಸ ಮಾಡ್ತಿಲ್ಲ, ಅದಕ್ಕೇ ತಣ್ಣಗಿದೆ. ಅದ್ರಲ್ಲೂ ಇದೇ ಗೇಮ್ ಹಾಕ್ಸಿ, ಆಮೇಲೆ ಮುಟ್ಟಿ ನೋಡಿ.”

ಹಳೆಯ ಸರಕು ಖಾಲಿಯಾದರೆ ಸಾಕೆಂದು ಅಂಗಡಿಯವನು ಕಾಯುತ್ತಿದ್ದ. “ಯಜಮಾನ್ರು ಹೇಳಿದ್ದೇ ಸರಿ. ಹೀಟ್ ಆದ್ರೆ ಬಾಳಿಕೆ ಬರಲ್ಲ. ಬ್ಯಾಡ ಅನ್ನಿಸಿದ್ರೆ ವಾರದೊಳಗೆ ತನ್ನಿ, ಬದಲಾಯಿಸಿ ಕೊಡ್ತೀನಿ,” ಎಂದು ದೊಡ್ಡಪ್ಪನಿಗೆ ಹೇಳಿದ. ಅಷ್ಟು ಹೊತ್ತೂ ಆ ಮನುಷ್ಯ ಒಂದು ಸಲವೂ ಅವಳ ಮುಖ ನೋಡಲಿಲ್ಲ. ಮೇಜನ್ನೇ ಮಗುಚಿ ಹಾಕುವಷ್ಟು ಸಿಟ್ಟು ಬಂತು ಅವಳಿಗೆ. ತಣ್ಣಗಿದ್ದದ್ದೇ ಬ್ಯಾಗಿಗೆ ಹೋಯಿತು. ಬಸ್ಸಿನಲ್ಲಿ ದೊಡ್ಡಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರಿಗೆಲ್ಲ ಆರಿಸಿದ ಬಗೆ ಹೇಳಿದ್ದೇ ಹೇಳಿದ್ದು.

ಅದೇ ಸಂಜೆ ಅವಳು ಸ್ಪರ್ಧೆಯ ಆಟ ಹಾಕಿ ನೋಡಿದಳು. ಪರದೆಯ ಮೇಲಿನ ಸಿಪಾಯಿ ಒಂದು ಹೆಜ್ಜೆಯಿಟ್ಟು ಕಲ್ಲಾದ. ಇನ್ನೊಂದು ಹೆಜ್ಜೆ ಎತ್ತುವಷ್ಟರಲ್ಲಿ ಎದುರಾಳಿ ಅವನನ್ನು ಮುಗಿಸಿದ್ದ. ಎಷ್ಟು ಸಲ ಹಾಕಿದರೂ ಅದೇ ಕತೆ. ಅಡಿಗೆ ಕೈಯಿಟ್ಟರೆ ಕಾದ ಹೆಂಚು. ಅವಳು ಹಾಗೆಯೇ ಅದನ್ನೆತ್ತಿಕೊಂಡು ಹುಳುಮನೆಗೆ ನಡೆದಳು.

ಅಲ್ಲಿ ಅಮ್ಮ ಮುನಿಗಂಗಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ಹುಳುಗಳು, ಎಷ್ಟು ಹಾಕಿದರೂ ಸಾಲದ ಹಸಿವು. ದೊಡ್ಡಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಈಗ ಮುಟ್ಟಿ ನೋಡಿ ದೊಡ್ಡಪ್ಪ.”

ಮುಟ್ಟಿದವರು ತಟ್ಟನೆ ಕೈ ಕಿತ್ತುಕೊಂಡರು. “ತಂದಾಗ ತಣ್ಣಗಿತ್ತಲ್ಲ! ಏನ್ ಮಾಡ್ದೆ ಇದನ್ನ? ನಾನ್ ಆರಿಸಿದ್ದು ಯಾವತ್ತೂ ಕೆಟ್ಟಿಲ್ಲ. ನಿನ್ ಕೈ ಬಿತ್ತು ನೋಡು, ಕೆಟ್ಟೋಯ್ತು.”

ಶಿರೀಷಾಳಿಗೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ರಜೆ ಸಿಕ್ಕಾಗಲೆಲ್ಲ ಸೊಪ್ಪು ಕೊಯ್ದ ಕೈ ಇದು, ಹುಳದ ಹಿಕ್ಕೆ ಬಳಿದ ಕೈ. ಬೆಳೆ ಚೆನ್ನಾಗಿ ಬಂದರೆ ಅದು ಮಾತ್ರ ದೊಡ್ಡಪ್ಪನ ಕೈಗುಣ. ಅವರು ಹುಳಕ್ಕೆ ಒಂದು ಹಿಡಿ ಸೊಪ್ಪು ಹಾಕಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಹಂಗಾದ್ರೆ ಈ ಕೆಟ್ಟ ಕೈ ಇನ್ಮೇಲೆ ಹುಳ ಮುಟ್ಟಲ್ಲ. ಬೆಳೇನೂ ಕೆಟ್ಟೋದ್ರೆ ಕಷ್ಟ,” ಎಂದು ಕೈಕಟ್ಟಿ ನಿಂತಳು.

“ಏಯ್, ಎಷ್ಟ್ ಮಾತಾಡ್ತೀಯೇ! ಮುನಿಗಂಗಮ್ಮ, ಬುದ್ಧಿ ಹೇಳು ನಿನ್ ಮಗಳಿಗೆ.”

ಭಾವನ ಎದುರು ಮುನಿಗಂಗಮ್ಮ ಎಂದೂ ದನಿ ಎತ್ತಿದವಳಲ್ಲ. ಬಿಚ್ಚುತ್ತಿದ್ದ ಹೊರೆಯನ್ನು ಹಾಗೇ ಬಿಟ್ಟು ಎದ್ದಳು, ಸೆರಗು ಕೊಡವಿದಳು. “ಅವಳಿಗೆ ಆ ಕೈ ನನ್ನಿಂದ್ಲೇ ಬಂದಿದ್ದು ಭಾವ. ನಾನೂ ಮುಟ್ಟಲ್ಲ.”

ತಟ್ಟೆಗಳ ತುಂಬ ಹುಳುಗಳು ತಲೆ ಎತ್ತಿ ಸೊಪ್ಪಿಗಾಗಿ ತಡಕುತ್ತಿದ್ದವು. ದೊಡ್ಡಪ್ಪ ಹುಳುಗಳನ್ನು ನೋಡಿದರು, ಅರ್ಧ ಬಿಚ್ಚಿದ ಹೊರೆಯನ್ನು ನೋಡಿದರು, ಅಲ್ಲಾಡದೆ ನಿಂತ ತಾಯಿಮಗಳನ್ನು ನೋಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, “ಆ ಸುಡೋದನ್ನೇ ತರಣ ಬಿಡಮ್ಮ. ನಾಳೆ ಯಾವ ಬಸ್ಸಿಗೆ ಹೋಗಣ?” ಎಂದರು.

“ನಾನೊಬ್ಳೇ ಹೋಗ್ತೀನಿ,” ಎಂದಳು ಶಿರೀಷಾ. “ನೀವು ಸೊಪ್ಪು ಹಾಕಿ.”